ಕಕ್ಕಸಿನ ಗೋಡೆಯ ಮೇಲಿನ ಹೆಸರು

ಅವರ ಬಲಗೈ ಹೆಬ್ಬೆರಳಿನ ತುದಿ ಸದಾ ನೀಲಿ. ಸೋರುವ ಹಳೆಯ ಇಂಕ್ ಪೆನ್ನೊಂದನ್ನು ಬಿಡಲೊಲ್ಲದ ಹೆಂಗಸು. ಆರಡಿಗೆ ಒಂದಿಂಚು ಕಮ್ಮಿ ಎತ್ತರ, ದೊಡ್ಡ ದೊಡ್ಡ ಪಾದ, ಆ ಪಾದಕ್ಕೆ ತೀರಿಹೋದ ಗಂಡನ ಉಣ್ಣೆಯ ಕಾಲುಚೀಲ. ಸಿಡ್ನಿಯಲ್ಲಿ ಓದುತ್ತಿದ್ದಾಗ ನಾನು ಮೂರು ವರ್ಷ ಪ್ಯಾರಮಟ್ಟಾದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೂಲತಃ ಡಚ್ಚರು; ಒಂಬತ್ತನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದವರು. ನಾನು ಆಂಟಿ ಎನ್ನುತ್ತಿದ್ದೆ. "ಯಾರ ಆಂಟಿ?" ಎಂದು ಮೊದಲ ವಾರ ಕೇಳಿದರು, ಆಮೇಲೆ ಒಗ್ಗಿಕೊಂಡರು.

ಅವರ ಉಪಚಾರ ನಮ್ಮ ಕಡೆಯ ಉಪಚಾರವಲ್ಲ. ನಾಲ್ಕು ಗಂಟೆಗೆ ಕಾಫಿ, ಜೊತೆಗೆ ಒಂದು ಬಿಸ್ಕೆಟ್. ಒಂದೇ. ನಾನು ತೆಗೆದುಕೊಂಡ ಕೂಡಲೇ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿ ಬೀರುವಿಗೆ ಹೋಗುತ್ತಿತ್ತು. ತುಮಕೂರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಒಂದೇನಾ? ಆಯಮ್ಮಂಗೆ ಕೊಡೋಕೆ ಕೈ ಬರಲ್ವಾ?" ಎಂದು ನನಗಿಂತ ಹೆಚ್ಚು ನೊಂದುಕೊಂಡಳು. ಇದೇ ಆಂಟಿ ಚಳಿಗಾಲದ ಶನಿವಾರಗಳಲ್ಲಿ ಬಟಾಣಿ ಸೂಪನ್ನು ಎರಡು ಪಾತ್ರೆಗಳಲ್ಲಿ ಮಾಡುತ್ತಿದ್ದರು. ದೊಡ್ಡದು ಹಂದಿಮಾಂಸ ಹಾಕಿದ್ದು, ಚಿಕ್ಕದು ನನಗೆ. ಚಿಕ್ಕದಕ್ಕೆ ಬೇರೆ ಸೌಟು, ಗುರುತಿಗೆ ಅದರ ಹಿಡಿಗೊಂದು ಕೆಂಪು ದಾರ. ಮೂರು ವರ್ಷದಲ್ಲಿ ಆ ಸೌಟು ಒಮ್ಮೆಯೂ ಅದಲುಬದಲಾಗಲಿಲ್ಲ. ಇದನ್ನು ಅಮ್ಮನಿಗೆ ಹೇಳಿದ ನೆನಪಿಲ್ಲ.

ಕಾಲೇಜು ಮುಗಿಸಿ, ಪೆಟ್ರೋಲ್ ಬಂಕಿನ ಕೆಲಸ ಮುಗಿಸಿ ಬಂದು ನಾನು ಬಾಗಿಲಲ್ಲೇ ತೂಗಾಡುತ್ತಿದ್ದರೆ ಕುರ್ಚಿ ಎಳೆದು ಹೇಳುತ್ತಿದ್ದರು: "ಕೂತುಕೋ. ನಮ್ಮ ಡೆಲ್ಫ್ಟ್ ಊರಲ್ಲಿ ಚರ್ಚಿನ ಗೋಪುರವೇ ಸುಸ್ತಾಗಿ ವಾಲಿಕೊಂಡಿದೆ. ನೀನು ಕೂತರೆ ಏನಾಗುತ್ತೆ?"

ಮೂರನೆಯ ವರ್ಷ ನಡೆದ ಸಂಗತಿ ಇದು. ಆ ಮನೆಯ ಕಕ್ಕಸಿನಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಇಸವಿಯಿಲ್ಲ, ವಾರಗಳಿಲ್ಲ, ಬರೀ ತಾರೀಕು. ಕೆಲವದರ ಎದುರು ನೀಲಿ ಶಾಯಿಯಲ್ಲಿ ಯಾರ್ಯಾರದೋ ಹೆಸರು. ನಾನು ಕಣ್ಣಿಟ್ಟು ನೋಡಿದವನೇ ಅಲ್ಲ. ಒಂದು ದಿನ ನೋಡಿದೆ. ನನ್ನ ಹೆಸರಿತ್ತು.

ನಮ್ಮ ಮನೆಯಲ್ಲಿ ಅಕ್ಷರವಿದ್ದ ಕಾಗದ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಅಜ್ಜ ದೇವರ ಹೆಸರು ಹುಡುಕಿ ಇಟ್ಟಿದ್ದ ನನ್ನ ಹೆಸರು ಇಲ್ಲಿ ಕಮೋಡಿನ ಎದುರಿಗೆ! ಮೈಯೆಲ್ಲ ಉರಿಯಿತು. ಜೊತೆಗೆ ಓದುತ್ತಿದ್ದ ಹುಬ್ಬಳ್ಳಿಯ ಗೆಳೆಯನಿಗೆ ಹೇಳಿದೆ. ಅವನು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಸಂಡಾಸದಾಗ ಹೆಸರು ಬರದಾಳಂದ್ರ ನಿನ್ನ ಕಿಮ್ಮತ್ತು ಎಷ್ಟಂತ ತಿಳ್ಕೊ. ಬಿಡಲೇ ಆ ಮನಿ. ನಮ್ಮ ರೂಮಿಗೆ ಬಾ."

ಕಪ್ಪು ಮಾರ್ಕರ್ ತಂದು ನನ್ನ ಹೆಸರಿನ ಮೇಲೆ ಗೀಚಿ ಗೀಚಿ ಅಳಿಸಿದೆ. ಆಂಟಿ ನೋಡಿದರು. ನಾಲ್ಕು ಗಂಟೆಯ ಕಾಫಿಗೆ ಕೂತಾಗ ಇಷ್ಟೇ ಕೇಳಿದರು: "ತಾರೀಕು ತಪ್ಪಾಗಿತ್ತಾ?" ಇಲ್ಲ ಎಂದೆ.

ಮನೆ ಬಿಟ್ಟದ್ದು ಜುಲೈ ಹದಿಮೂರು. ಹೊಸ ರೂಮಿನ ರೆಂಟ್ ಆವತ್ತಿನಿಂದ ಶುರು, ಅದಕ್ಕೇ ತಾರೀಕು ನೆನಪಿದೆ. ಪೆಟ್ಟಿಗೆ ಎಳೆದುಕೊಂಡು ಬಂದರೆ ಅಡುಗೆಮನೆಯ ಮೇಜಿನ ಮೇಲೆ ಇಡೀ ಆ್ಯಪಲ್ ಕೇಕ್, ಪಕ್ಕದಲ್ಲಿ ಎರಡು ತಟ್ಟೆ. ಒಂದು ಬಿಸ್ಕೆಟ್ಟಿನ ಮೇಲೆ ಎರಡನೆಯದು ಕೊಡದವರು ಕೇಕ್ ಮಾಡಿದ್ದು ವಿಚಿತ್ರ ಅನ್ನಿಸಿತು. ಕೇಳಲಿಲ್ಲ. "ಒಂದು ತುಂಡು ತಿಂದು ಹೋಗು" ಎಂದರು. ಹೊರಗೆ ಗೆಳೆಯ ಹಾರ್ನ್ ಒತ್ತುತ್ತಿದ್ದ. "ಟೈಮಿಲ್ಲ ಆಂಟಿ, ಕಾರು ಕಾಯ್ತಾ ಇದೆ" ಎಂದು ಬಂದುಬಿಟ್ಟೆ.

ಆದರೂ ಪ್ರತಿ ವರ್ಷ ನನ್ನ ಹುಟ್ಟಿದ ದಿನಕ್ಕೆ ಸರಿಯಾಗಿ ಒಂದು ಕಾರ್ಡ್ ಬರುತ್ತಿತ್ತು. ಅಲ್ಲೇ ನೆಲೆಸಲು ಪಿಆರ್ ಸಿಕ್ಕು ಮೆಲ್ಬರ್ನಿಗೆ ಬಂದ ಮೇಲೂ, ಮದುವೆಯಾಗಿ ಅಲ್ಲಿನ ಟಾರ್ನೀಟ್ ಬಡಾವಣೆಯಲ್ಲಿ ಮಾರ್ಟ್‌ಗೇಜಿನ ಮನೆ ಹೊಕ್ಕ ಮೇಲೂ ಬಂತು. ನಾನು ವಿಳಾಸ ಬದಲಾದಾಗ ಒಂದು ಸಾಲಿನ ಮೆಸೇಜ್ ಕಳಿಸುತ್ತಿದ್ದೆ, ಅಷ್ಟೇ. ಹೋದ ವರ್ಷ ಕಾರ್ಡ್ ಬರಲಿಲ್ಲ. ಬರಲಿಲ್ಲ ಎಂಬುದೂ ನನಗೆ ಗೊತ್ತಾಗಲಿಲ್ಲ.

ಈ ವರ್ಷ ಹುಬ್ಬಳ್ಳಿಯ ಗೆಳೆಯ, ಅವನ ಹೆಂಡತಿ, ನಾವಿಬ್ಬರು ಯುರೋಪ್ ಟೂರ್ ಹೋದೆವು. ಆರು ದಿನ ಬಸ್ಸಿನಲ್ಲಿ ಹತ್ತಿ ಇಳಿದು ಹೈರಾಣಾಗಿದ್ದೆವು. ಏಳನೆಯ ದಿನ ಡಚ್ಚರ ನಾಡಿನಲ್ಲಿ ಬಿಡುವು. ಹತ್ತಿರದಲ್ಲೇ ಆಂಟಿಯ ಊರು ಡೆಲ್ಫ್ಟ್ ಇದೆ ಎಂದು ನಾನೇ ಹೊರಡಿಸಿದೆ. "ಇವತ್ತ ಏನೂ ನೋಡೂದು ಬ್ಯಾಡಪಾ, ಸುಮ್ಮ ಅಡ್ಯಾಡೂಣು" ಎಂದ ಗೆಳೆಯ. ಹಾಗೇ ಅಡ್ಡಾಡಿದೆವು. ಇಟ್ಟಿಗೆಯ ಬೀದಿ, ಪಾಚಿ ಹಿಡಿದ ಕಾಲುವೆ, ಸೇತುವೆಗೆ ಒರಗಿಸಿದ ಸೈಕಲ್ಲುಗಳು. ಗೋಪುರ ನಿಜವಾಗಿಯೂ ವಾಲಿತ್ತು. ಅದರ ಎದುರಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತೆ. ಈಗ ನನಗೂ ಮಂಡಿ ನೋವು.

ಮಳೆ ಹನಿಯಿತೆಂದು ಒಂದು ಕಾಫಿ ಅಂಗಡಿಗೆ ನುಗ್ಗಿದೆವು. ಮುದುಕನೊಬ್ಬ ತನ್ನ ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡಿದ್ದ. ಗೆಳೆಯ ಕಕ್ಕಸಿಗೆ ಹೋದವನು ಮುಖ ಸಣ್ಣದು ಮಾಡಿಕೊಂಡು ಬಂದ. "ಲೇ, ಒಳಗ ಹೋಗಿ ನೋಡಿ ಬಾ."

ಅದೇ ಥರದ ಕ್ಯಾಲೆಂಡರ್. ಅದೇ ಥರ ಹೆಸರುಗಳು.

ಇದನ್ನೇಕೆ ಅಲ್ಲಿ ಹಾಕಿದ್ದೀರಿ ಎಂದು ಮುದುಕನನ್ನು ಕೇಳಿದೆ. "ಇನ್ನೆಲ್ಲಿ ಹಾಕಬೇಕು? ನಮ್ಮಲ್ಲಿ ಎಲ್ಲರ ಮನೆಯಲ್ಲೂ ಅಲ್ಲೇ" ಎಂದ. "ದಿನವೂ ತಪ್ಪದೆ ಹೋಗುವ ಜಾಗ ಅದೊಂದೇ ಅಲ್ಲವಾ? ಬೇಕಾದವರ ಹುಟ್ಟಿದ ದಿನ ಮರೆಯಬಾರದು."

ಗೆಳೆಯ ಕಾಫಿ ಮುಟ್ಟಲಿಲ್ಲ. "ತಪ್ಪು ನಂದೋ" ಎಂದ. ಮಾರ್ಕರ್ ಹಿಡಿದ ಕೈ ಅವನದಲ್ಲವಲ್ಲ. ಪಕ್ಕದ ಅಂಗಡಿಯಲ್ಲಿ ಅಂಥದೇ ಒಂದು ಕ್ಯಾಲೆಂಡರ್ ಕೊಂಡೆ. ಮೊದಲು ಆಂಟಿಯ ಹೆಸರು ಬರೆಯೋಣವೆಂದು ಪೆನ್ನು ತೆಗೆದೆ. ತಾರೀಕು ಗೊತ್ತಿರಲಿಲ್ಲ. ಮೂರು ವರ್ಷ ಎದುರು ಕೂತು ಕಾಫಿ ಕುಡಿದವನು ಒಮ್ಮೆಯಾದರೂ "ನಿಮ್ಮದು ಯಾವತ್ತು ಆಂಟಿ?" ಎಂದು ಕೇಳಿರಲಿಲ್ಲ.

ಮರಳಿದ ವಾರವೇ ಸಿಡ್ನಿಗೆ ಹೋದೆ. ಬಾಗಿಲು ತೆರೆದದ್ದು ಅವರ ಮಗಳು. ಆಂಟಿ ಹೋದ ವರ್ಷ ತೀರಿಕೊಂಡರಂತೆ, ಮನೆ ಮಾರಾಟಕ್ಕಿದೆ. ನಾನು ಯಾರೆಂದು ಹೇಳಿದಾಗ, "ಓ, ಚಿಕ್ಕ ಪಾತ್ರೆಯವನು" ಎಂದರು. ಕಕ್ಕಸಿಗೆ ಹೋಗಬಹುದೇ ಎಂದು ಕೇಳಿದೆ. ಕ್ಯಾಲೆಂಡರ್ ಇನ್ನೂ ಅಲ್ಲೇ ಇತ್ತು. ನನ್ನ ತಾರೀಕಿನ ಎದುರು ಕಪ್ಪು ಗೀಚು, ಅದರ ಪಕ್ಕದ ಇಷ್ಟೇ ಇಷ್ಟು ಜಾಗದಲ್ಲಿ ನೀಲಿ ಶಾಯಿಯಲ್ಲಿ ಮತ್ತೆ ನನ್ನ ಹೆಸರು. ಹನ್ನೆರಡು ಹಾಳೆ ತಿರುವಿದೆ. ಆಂಟಿಯ ಹೆಸರು ಎಲ್ಲೂ ಇರಲಿಲ್ಲ. ತನ್ನದನ್ನು ತಾನೇ ಯಾರು ಬರೆದುಕೊಳ್ಳುತ್ತಾರೆ?

ಹೊರಗೆ ಬಂದು ಕೇಳಿದೆ.

"ಅಮ್ಮನದಾ? ಜುಲೈ ಹದಿಮೂರು."

ಟಾರ್ನೀಟ್ ಮನೆಯ ಕಕ್ಕಸಿನಲ್ಲಿ ಈಗ ನನ್ನ ಕ್ಯಾಲೆಂಡರ್ ಜುಲೈ ಹಾಳೆಗೇ ತೆರೆದು ತೂಗುತ್ತಿದೆ, ಹದಿಮೂರರ ಎದುರು ಆಂಟಿಯ ಹೆಸರು. "ಬಂದೋರು ಏನಂದ್ಕೋತಾರೆ ರೀ?" ಎಂದಳು ಹೆಂಡತಿ. ಅಂದುಕೊಳ್ಳಲಿ. ದಿನಾ ಬೆಳಿಗ್ಗೆ ಆ ಹೆಸರು ನೋಡುತ್ತೇನೆ, ಮೇಜಿನ ಮೇಲಿದ್ದ ಎರಡು ತಟ್ಟೆ ನೆನಪಾಗುತ್ತವೆ. ಒಂದು ತುಂಡು ತಿಂದು ಬರಬಹುದಿತ್ತು. ಕಾರು ಕಾಯುತ್ತಿತ್ತು.