ಮಂಚವಿಲ್ಲದ ಕೋಣೆಯ ಫೋಟೋ

ಫೋಟೋದವನು ಬರುವ ಹಿಂದಿನ ದಿನ ಅಮ್ಮ ಎಂದಿನಂತೆ ಮುಂದಿನ ಕೋಣೆಯ ಮಂಚದಲ್ಲಿ ಕೂತು ಅವರೆಯ ನಾರು ತೆಗೆಯುತ್ತಿದ್ದಳು. ಸೊಂಟಕ್ಕೆ ಪೆಟ್ಟಾದ ಮೇಲೆ ಅವಳಿಗೆ ಎಲ್ಲವೂ ಆ ಮಂಚದಲ್ಲೇ. ಅಣ್ಣ ನೆಲದ ಮೇಲೆ ಕೂತು ಹೊಸ ಕತೆ ಓದುತ್ತಿದ್ದ. ಬ್ಯಾಂಕಿನ ವರ್ಗದಲ್ಲಿ ಬರೋಡಾಕ್ಕೆ ಬಂದ ಮೇಲೆ ಅವನ ಕತೆ ಕೇಳಲು ಇದ್ದದ್ದು ಅಮ್ಮ, ಮತ್ತೆ ಗಂಡ ತೀರಿದ ಮೇಲೆ ಅವರ ಜೊತೆಗಿದ್ದ ನಾನು.

"ಮೀನು ಮಾರುವವಳು ಹೀಗೆ ಮಾತಾಡುದಾ? ನಿನ್ನ ಮ್ಯಾನೇಜರ್ ಮಾತಾಡಿದ ಹಾಗುಂಟು," ಅಂದಳು ಅಮ್ಮ. ಅಣ್ಣ ನಗುತ್ತ ಆ ಸಾಲು ಹೊಡೆದುಹಾಕಿ, ಅವಳು ಹೇಳಿದಂತೆ ಬರೆದುಕೊಂಡ.

ಬಂದವನು ಸಾಹಿತಿಗಳ ಫೋಟೋವನ್ನು ಅವರು ದಿನವೂ ಬದುಕುವ ಜಾಗದಲ್ಲೇ ತೆಗೆಯುವವನು. ಸೂರತ್, ಅಹಮದಾಬಾದ್ ಮುಗಿಸಿ ಬಂದಿದ್ದ. ಏನನ್ನೂ ಬದಲಿಸಬೇಡಿ ಅಂದ. ಅಣ್ಣ ಔಷಧದ ಬಾಟಲಿಗಳನ್ನು ಒಳಗಿಟ್ಟ. ಆಮೇಲೆ ಅಮ್ಮನನ್ನು ನೋಡಿದ. ಅವಳು ಬೆಳಿಗ್ಗೆಯೇ ನನ್ನಿಂದ ತಲೆ ಬಾಚಿಸಿಕೊಂಡು ರೇಷ್ಮೆಯ ಪಟ್ಟೆಸೀರೆ ಉಟ್ಟಿದ್ದಳು.

"ಅಮ್ಮ, ನೀನು ಸ್ವಲ್ಪ ಹೊತ್ತು ಪಕ್ಕದ ಬೆನ್ ಮನೆಯಲ್ಲಿ ಕೂತ್ಕೊ."

"ನಾನು ಇರುದು ಇಲ್ಲೇ ಅಲ್ವಾ ಮಗಾ?"

"ಇದು ಸಾಹಿತಿಯ ಫೋಟೋ. ಆಸ್ಪತ್ರೆಯದ್ದಲ್ಲ."

ನಾನೂ ಪಕ್ಕದ ಮನೆಯ ಗುಜರಾತಿ ಹೆಂಗಸೂ ಅವಳನ್ನು ಎತ್ತಿಕೊಂಡು ಹೋದೆವು. ಅಣ್ಣ ಮಂಚ ಮಡಚಿ ಬಚ್ಚಲಿನ ಗೋಡೆಗೆ ಒರಗಿಸಿದ. ಭಾಷೆ ಬಾರದ ಆ ಮನೆಯಲ್ಲಿ ಅವಳು ಪಟ್ಟೆಸೀರೆ ಉಟ್ಟು, ಮಧ್ಯಾಹ್ನದ ತನಕ ಬಾಗಿಲು ನೋಡುತ್ತ ಕೂತಿದ್ದಳು.

ಫೋಟೋ ವಾರಪತ್ರಿಕೆಯಲ್ಲಿ ಬಂತು. ಖಾಲಿ ಕೋಣೆ, ಎಲ್ಲಿಂದಲೋ ತಂದ ಬೆತ್ತದ ಕುರ್ಚಿ, ಅದರಲ್ಲಿ ಅಣ್ಣ. ಅಮ್ಮನ ಮಾತೇ ನನ್ನ ಬರವಣಿಗೆ ಎಂದು ಅವನು ಹೇಳಿದ್ದನ್ನು ಕೆಳಗೆ ಹಾಕಿದ್ದರು. ನಾನು ಓದಿ ಹೇಳಿದೆ. ಅಮ್ಮ ಫೋಟೋದಲ್ಲಿ ಮಂಚ ಇರಬೇಕಿದ್ದ ಜಾಗದ ಮೇಲೆ ಬೆರಳಿಟ್ಟಳು. ಅಣ್ಣ ಮತ್ತೆ ಕತೆ ಹಿಡಿದು ಬಂದಾಗ, "ಬೆತ್ತದ ಕುರ್ಚಿಗೆ ಓದು," ಅಂದಳು. ಅವನು ಎಷ್ಟು ಸಲ ಬಂದರೂ ಅದೇ ಉತ್ತರ. ಒಮ್ಮೆ ಅವನ ಕಣ್ಣು ತುಂಬಿತು. ಅದನ್ನು ನೋಡಿಯೂ ಅವಳು ಅವರೆ ಬಿಡಿಸುತ್ತಲೇ ಇದ್ದಳು.

ಚಳಿ ಮುಗಿಯುವ ಮೊದಲೇ ಅಮ್ಮ ಹೋದಳು. ಕ್ರಿಯೆಯ ದಿನ ಹಾರ ಹಾಕಲು ಫೋಟೋ ಬೇಕಿತ್ತು. ಊರಿನ ಮದುವೆಗಳ ಗುಂಪು ಫೋಟೋಗಳಲ್ಲೂ ಅವಳಿಲ್ಲ, ಆಗೆಲ್ಲ ಅಡುಗೆಮನೆಯಲ್ಲಿರುತ್ತಿದ್ದಳು. ಅಣ್ಣ ಎಸ್‌ಟಿಡಿ ಬೂತಿನಿಂದ ಫೋಟೋದವನಿಗೆ ಫೋನ್ ಮಾಡಿದ. ಬೆಳಕು ನೋಡಲು ಮೊದಲು ಒಂದು ತೆಗೆದಿದ್ದೆ, ಅದರಲ್ಲಿ ಯಾರೋ ಮುದುಕಿ ಇದ್ದರು, ಬೇಡವೆಂದು ಎಸೆದೆ ಎಂದನಂತೆ ಅವನು. ಅಣ್ಣ ಮನೆಗೆ ಬಂದು ಹಾರವನ್ನು ಮಂಚದ ಮೇಲಿಟ್ಟ.

ಅವನ ಫೋಟೋ ಈಗಲೂ ಗೋಡೆಯಲ್ಲಿದೆ. ಅಮ್ಮನದು ಒಂದೂ ಇಲ್ಲ.