ಮಾಶಿಮಾ ಬರೆದ ಬೆಟ್ಟದ ನಕ್ಷೆ

ಕಳೆದ ಭಾನುವಾರ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿ ಧೂಳು ಹೊಡೆಯುತ್ತಿದ್ದೆ. ದುರ್ಗಾಪೂಜೆ ಹತ್ತಿರ ಬಂತೆಂದರೆ ಬಂಗಾಳದ ಈ ಟಾಲಿಗಂಜ್ ಬಡಾವಣೆ ಇಡೀ ಮನೆ ಒರೆಸಲು ನಿಲ್ಲುತ್ತದೆ. ಇಷ್ಟು ವರ್ಷ ಇಲ್ಲಿದ್ದು ನನಗೂ ಆ ಚಟ ಅಂಟಿಕೊಂಡಿದೆ. ಒಂದು ಬಟ್ಟೆಯ ಚೀಲ ಬಿಚ್ಚಿದ್ದೇ ತಡ, ಸಾಸಿವೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ನನ್ನ ಹಳೆಯ ವಿಡಿಯೊ ಗೇಮಿನ ಡಬ್ಬಿ ಮತ್ತು ಅದರ ಕಂಟ್ರೋಲರ್. ಗುಂಡಿಗಳ ಸಂದಿಯಲ್ಲಿ ಎಣ್ಣೆ ಜಿಡ್ಡುಗಟ್ಟಿ ಕೂತಿತ್ತು. ಆಟದ ಸಾಮಾನಿಗೆ ಸಾಸಿವೆ ಎಣ್ಣೆ ಮೆತ್ತಬಲ್ಲವರು ನನಗೆ ಗೊತ್ತಿದ್ದಂತೆ ಒಬ್ಬರೇ... ನಮ್ಮ ಮೇಲಿನ ಮನೆಯ ಮಾಶಿಮಾ.

ಮಾಶಿಮಾ ಎಂದರೆ ಬಂಗಾಳಿಯಲ್ಲಿ ಚಿಕ್ಕಮ್ಮ. ಅವರು ನನ್ನನ್ನು ಬೌಮಾ ಎನ್ನುತ್ತಿದ್ದರು, ಸೊಸೆಯನ್ನು ಕರೆಯುವ ಹಾಗೆ. ನಮ್ಮದು ಎರಡನೆಯ ಮಹಡಿ, ಅವರದು ಮೂರನೆಯದು. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಕೆಂಪು ಗಾರೆಯ ಮೆಟ್ಟಿಲು. ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಆ ಬಗ್ಗೆ ಕೊರಗೂ ಇರಲಿಲ್ಲ. ದಿನಾ ಬೆಳಿಗ್ಗೆ ಮೀನಿನ ಚೀಲ ಹಿಡಿದು ಪಟಪಟನೆ ಚಪ್ಪಲಿ ಸದ್ದು ಮಾಡುತ್ತಾ ಇಳಿಯುವರು. ನಾನು ಹೊಸದಾಗಿ ಬಂದಾಗ ಕೊಟ್ಟ ಸಾಂಬಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವರು ಅದನ್ನು ಚಪ್ಪರಿಸಿ, ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು. ಎದುರಿಗಿರುವವರ ಮನಸ್ಸು ನೋಯಬಾರದೆಂದು ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳುವ ಹೆಂಗಸು. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಆಗ ನನಗೊಂದು ಅಭ್ಯಾಸವಿತ್ತು. ಕಸ್ಬಾದ ಆಫೀಸಿಗೆ ಓಡುವ ಮುಂಚೆ ಹೊಸ್ತಿಲಿನ ಹೊರಗೆ ನೀರು ಹಾಕಿ ತೊಳೆದು, ಆ ಒದ್ದೆಯ ಮೇಲೇ ಪುಟ್ಟದೊಂದು ಚುಕ್ಕಿ ರಂಗೋಲಿ ಹಾಕುತ್ತಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ನೀರು ಬೀದಿಗೆ ಹರಿದುಹೋಗುತ್ತದೆ. ಇಲ್ಲಿ ಹರಿಯಲು ಬೀದಿಯೆಲ್ಲಿದೆ? ಎರಡನೆಯ ಮಹಡಿಯ ಮೆಟ್ಟಿಲ ಮುಂದಿನ ನುಣ್ಣನೆಯ ನೆಲ, ಅಷ್ಟೆ. ನನ್ನ ಗಂಡ ಒಮ್ಮೆ, “ಯಾರಾದ್ರೂ ಜಾರಿದ್ರೆ ಏನೇ ಗತಿ?” ಅಂದಿದ್ದರು. ಫೋನಿನಲ್ಲಿ ಅಮ್ಮ ಅದಕ್ಕೆ, “ಬಾಗಿಲಿಗೆ ನೀರು ಹಾಕದೆ ಇದ್ರೆ ಅದೇನು ಮನೆ ಕಣೇ, ಗೋಡೌನು” ಎಂದು ತೀರ್ಪು ಕೊಟ್ಟಿದ್ದಳು. ನಾನು ಅಮ್ಮನ ಪಕ್ಷ ಹಿಡಿದೆ.

ಚಳಿಗಾಲದ ಒಂದು ಬೆಳಿಗ್ಗೆ. ರಂಗೋಲಿ ಹಾಕಿ ಒಳಗೆ ಬಂದು ಕಾಫಿ ಸೋಸುತ್ತಿದ್ದೆ. ಹೊರಗೆ ದಡದಡ ಎಂದು ಏನೋ ಉರುಳಿದ ಸದ್ದು. ಬಾಗಿಲು ತೆಗೆದರೆ ಮಾಶಿಮಾ ನನ್ನ ರಂಗೋಲಿಯ ಮೇಲೆ ಬಿದ್ದಿದ್ದರು. ಸೀರೆ ಒದ್ದೆ, ಅಂಗೈಗೆ ರಂಗೋಲಿ ಪುಡಿ, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಅಷ್ಟು ನೋವಿನಲ್ಲೂ ಅವರು ಹೇಳಿದ್ದು, “ಅಯ್ಯೋ ಬೌಮಾ, ನಿನ್ನ ಚಿತ್ರ ಕೆಡಿಸಿಬಿಟ್ಟೆ.” ಅವರ ಮಾತೆಲ್ಲ ಬಂಗಾಳಿ ಹಿಂದಿಯ ಬೆರಕೆ. ನೆನಪಿಗೆ ಬರುವಾಗ ಮಾತ್ರ ಏಕೋ ಕನ್ನಡದಲ್ಲೇ ಬರುತ್ತದೆ.

ಸೊಂಟದ ಹತ್ತಿರದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಕಂಬಿ ಹಾಕಿದರು. ಹೇಗಾಯಿತು ಎಂದು ಎಲ್ಲರೂ ಅವರನ್ನು ಕೇಳಿದರು, “ಬಿದ್ದೆ, ಅಷ್ಟೆ” ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಮುಂಚೆಯೇ ನಾನು ಆ ಜಾಗವನ್ನು ಒಣಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿಬಿಟ್ಟಿದ್ದೆ. ಕಳ್ಳಿಯ ಹಾಗೆ. ಅಂದಿನಿಂದ ನೀರೂ ಇಲ್ಲ, ರಂಗೋಲಿಯೂ ಇಲ್ಲ. ಅಮ್ಮ ಫೋನಿನಲ್ಲಿ ಕೇಳಿದಾಗೆಲ್ಲ “ಹಾಕಿದೆ” ಎನ್ನುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಮಾಶಿಮಾ ಮಂಚ ಬಿಟ್ಟು ಇಳಿಯಲೇ ಒಲ್ಲೆ ಎಂದರು. ನೋಡಿಕೊಳ್ಳಲು ಬಂದ ಆಯಾ ಗದರಿದಳು, ವ್ಯಾಯಾಮ ಮಾಡಿಸುವವರು ಬೇಡಿಕೊಂಡರು. ಮೂಳೆ ಕೂಡಿದೆ, ನಡೆಯದಿದ್ದರೆ ಕಾಲು ಶಾಶ್ವತವಾಗಿ ಕೂತುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದರು. ಅವರಿಗೆ ಹೆದರಿಕೆಯಿದ್ದದ್ದು ಅದಕ್ಕಲ್ಲ, ಮತ್ತೆ ಬೀಳುವುದಕ್ಕೆ. ಕಾಲು ನೆಲಕ್ಕೆ ತಾಕಿದರೆ ಸಾಕು, ಮಂಚದ ಅಂಚು ಹಿಡಿದು ಮತ್ತೆ ಮಲಗಿಬಿಡುತ್ತಿದ್ದರು. ಇವರು ಇನ್ನು ನಡೆಯದಿದ್ದರೆ ಅದು ನನ್ನ ಒಂದು ಚೊಂಬು ನೀರಿನಿಂದ.

ದಿನಾ ಸಂಜೆ ಆಫೀಸಿನಿಂದ ಬಂದವಳು ಸೀದಾ ಅವರ ಮನೆಗೆ ಹತ್ತುತ್ತಿದ್ದೆ. ಆದರೆ ಎದುರು ಕೂತರೆ ಮುಖ ನೋಡಬೇಕಲ್ಲ. ಅದಕ್ಕೊಂದು ಉಪಾಯ ಹೂಡಿದೆ. ನನ್ನ ಗೇಮಿನ ಡಬ್ಬಿ ತಂದು ಅವರ ಟಿವಿಗೆ ಸಿಕ್ಕಿಸಿದೆ. ಆಟ ಹಾಕಿದರೆ ಇಬ್ಬರೂ ಟಿವಿಯನ್ನೇ ನೋಡಬಹುದು, ಮಾತಾಡಬೇಕಾಗಿಲ್ಲ. ಮಾಶಿಮಾ ನನ್ನನ್ನು ದೊಡ್ಡ ಮನಸ್ಸಿನವಳೆಂದು ನೋಡಲು ಬಂದವರ ಮುಂದೆಲ್ಲ ಹೊಗಳಿದರು.

ತುಂಬಾ ಪುಟ್ಟ ಆಟ ಅದು. ಒಂದು ದ್ವೀಪ, ನಡುವೆ ಒಂದು ಬೆಟ್ಟ, ನೆತ್ತಿಯಲ್ಲಿ ಒಂದು ಗಂಟೆ. ಕಿವಿ ಮುಚ್ಚುವ ಟೋಪಿ ಹಾಕಿದ ಒಬ್ಬಳು ಹುಡುಗಿ ಬೆಟ್ಟ ಹತ್ತಿ ಆ ಗಂಟೆ ಬಾರಿಸಬೇಕು. ಶತ್ರುಗಳಿಲ್ಲ, ಹೊಡೆದಾಟವಿಲ್ಲ, ಅವಸರವೂ ಇಲ್ಲ. ದಾರಿ ಬಿಟ್ಟು ಅಲೆದರೆ ಹಳ್ಳವೋ, ಗುಹೆಯೋ, ಮಾತಾಡಿಸುವ ಮುದುಕನೋ ಸಿಗುತ್ತಾನೆ. ಆಫೀಸಿನಲ್ಲಿ ತಲೆ ಕೆಟ್ಟ ದಿನ ನಾನದನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ ಹಗುರವಾಗುತ್ತಿದ್ದೆ. ಹುಡುಗಿಯ ಟೋಪಿ ಮಾಶಿಮಾಗೆ ಮೊದಲೇ ಹಿಡಿಸಿತು. “ಬುದ್ಧಿವಂತೆ. ಬೆಟ್ಟದ ಗಾಳಿ ಕಿವಿಗೆ ಹೊಕ್ಕರೆ ನೆಗಡಿ ಗ್ಯಾರಂಟಿ” ಎಂದರು.

ಮೂರನೆಯ ಸಂಜೆ ನನ್ನ ಕೈ ತಪ್ಪಿ ಹುಡುಗಿ ಬಂಡೆಯಿಂದ ಬಿದ್ದಳು. ಮಾಶಿಮಾ “ಗೆಲೋ! ಗೆಲೋ!” ಎಂದು ಕಿರುಚಿ ಕಣ್ಣು ಮುಚ್ಚಿಕೊಂಡರು, ಹೋಯಿತು ಹೋಯಿತು ಎಂದು. ಹುಡುಗಿ ಕೆಳಗೆ ಉರುಳಿ, ಎದ್ದು ಕೂತು, ಟೋಪಿ ಸರಿಮಾಡಿಕೊಂಡು ನಿಂತಳು.

“ಏನೂ ಆಗಲಿಲ್ಲವಾ?”

“ಈ ಆಟದಲ್ಲಿ ಬಿದ್ದರೆ ಏನೂ ಆಗಲ್ಲ, ಮಾಶಿಮಾ.”

“ಹಾಗಾದರೆ ಇಲ್ಲಿ ಕೊಡು” ಎಂದು ಕೈ ನೀಡಿದರು. ಆ ಕೈಯಲ್ಲಿ ಸಾಸಿವೆ ಎಣ್ಣೆ ಹಾಕಿ ಕಲಸಿದ ಕಡಲೆಪುರಿಯಿತ್ತು. ಅಂದು ಹತ್ತಿದ ಜಿಡ್ಡು ಇವತ್ತಿಗೂ ಬಿಟ್ಟಿಲ್ಲ.

ಒಂದೂವರೆ ಗಂಟೆಯ ಆಟ ಮಾಶಿಮಾಗೆ ಮೂರು ತಿಂಗಳು ಹಿಡಿಯಿತು. ಆಟದಲ್ಲಿ ನಕ್ಷೆಯೇ ಇಲ್ಲವೆಂದು ತಿಳಿದಾಗ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. “ನಕ್ಷೆಯಿಲ್ಲದೆ ಮಕ್ಕಳನ್ನು ಬೆಟ್ಟಕ್ಕೆ ಕಳಿಸುತ್ತಾರಾ?” ಎಂದು ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಖಾಲಿ ಬೆನ್ನಿನ ಮೇಲೆ ತಾವೇ ಬರೆಯತೊಡಗಿದರು. ಚೂಪು ಪೆನ್ಸಿಲ್, ಎತ್ತರ ತೋರಿಸುವ ಸುತ್ತು ಗೆರೆಗಳು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಬಿದ್ದ ಕಡೆಯೆಲ್ಲ ಒಂದೊಂದು ಕತ್ತರಿ ಗುರುತು, ಪಕ್ಕದಲ್ಲಿ ಬಂಗಾಳಿಯಲ್ಲಿ ಕಾರಣ. ಆಗ ನನಗೆ ಬಂಗಾಳಿ ಅಕ್ಷರ ಓದಲು ಬರುತ್ತಿರಲಿಲ್ಲ, ಅವರೇ ಓದಿ ಹೇಳುವರು. “ಇಲ್ಲಿ ಆತುರ. ಇಲ್ಲಿ ಕಡಲೆಪುರಿ ತಿನ್ನುತ್ತಿದ್ದೆ. ಇಲ್ಲಿ ಆಯಾ ಮಾತಾಡಿಸಿದಳು.” ಒಂದು ಸಲ ಒಂದು ಬಂಡೆಯಿಂದ ಏಳು ಬಾರಿ ಬಿದ್ದರು. ಪಾಪ ಎನಿಸಿ, “ಇಷ್ಟೆಲ್ಲ ಯಾಕೆ, ಒಂದೇ ಗುರುತು ಹಾಕಿ ಸಾಕು” ಎಂದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಶಾಲೆಯ ಹುಡುಗಿಯರು ಆ ನೋಟಕ್ಕೆ ಎಷ್ಟು ನಡುಗಿರಬೇಕೋ.

“ಬೌಮಾ, ಬಾಯಲ್ಲಿ ಏನು ಬೇಕಾದರೂ ಹೇಳಬಹುದು. ನಕ್ಷೆಯಲ್ಲಿ ಸುಳ್ಳು ಬರೆಯಬಾರದು. ಅದನ್ನು ನಂಬಿ ಇನ್ನೊಬ್ಬರು ನಡೆಯುತ್ತಾರೆ.”

ಏಳು ಗುರುತೂ ಬಿದ್ದವು.

ಗಂಟೆ ಬಾರಿಸಿದ ಸಂಜೆ ಆಯಾ ಶಂಖ ಊದಿದಳು. ಮಾಶಿಮಾ ನಕ್ಷೆಯ ನೆತ್ತಿಯಲ್ಲಿ ಗಂಟೆ ಬರೆದರು. ಆಮೇಲೆ ಹಾಳೆಯನ್ನು ತಿರುವಿ ಹಾಕಿ, ಕ್ಯಾಲೆಂಡರಿನ ತಾರೀಕುಗಳ ಪಕ್ಕದಲ್ಲಿ ಉಳಿದ ಅಗಲದ ಅಂಚಿನಲ್ಲಿ ಮೆಟ್ಟಿಲು ಬರೆದರು. ನಮ್ಮ ಕಟ್ಟಡದ ಮೆಟ್ಟಿಲು. “ನಾಳೆಯಿಂದ ಇದು” ಎಂದರು.

ಮರುದಿನ ಕೋಲು ಹಿಡಿದು ಬಾಗಿಲಿನವರೆಗೆ ಬಂದರು. ವಾರದೊಳಗೆ ಎರಡು ಮೆಟ್ಟಿಲು, ಮತ್ತೆ ಐದು... ದಿನಾ ಎಷ್ಟು ಇಳಿದರೆಂದು ಹಾಳೆಯ ಮೇಲೆ ಗೆರೆ. ಆಟದಿಂದಲೇ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ವ್ಯಾಯಾಮ ಮಾಡಿಸಿದವರ ಬೆವರೂ ಇದೆ, ಆಯಾಳ ಬೈಗುಳವೂ ಇದೆ. ಆದರೆ ಬಿದ್ದವಳು ಎದ್ದು ಟೋಪಿ ಸರಿಮಾಡಿಕೊಂಡದ್ದನ್ನು ಅವರು ನೂರು ಸಲ ನೋಡಿದ್ದರು.

ಇಪ್ಪತ್ತೂ ಮೆಟ್ಟಿಲು ಇಳಿದು ನಮ್ಮ ಬಾಗಿಲಿಗೆ ಮುಟ್ಟಿದ ದಿನ ನಾನು ಕುರ್ಚಿ ಹಾಕಿ ಕಾಯುತ್ತಿದ್ದೆ. ಕೂತು ಉಸಿರು ತೆಗೆದುಕೊಂಡು ನೆಲ ನೋಡಿದರು. “ನಿನ್ನ ಚಿತ್ರ ಎಲ್ಲಿ?”

ನನಗೆ ತಡೆಯಲಾಗಲಿಲ್ಲ. ಗಳಗಳನೆ ಅತ್ತುಬಿಟ್ಟೆ. ನೀರು ಹಾಕಿದ್ದು ನಾನು, ಒರೆಸಿ ಮುಚ್ಚಿಟ್ಟದ್ದು ನಾನು, ನಿಮ್ಮ ಕಾಲು ಮುರಿದದ್ದು ನಾನು ಎಂದೆಲ್ಲ ಹೇಳಿದೆ. ಮಾಶಿಮಾ ನಿಜಕ್ಕೂ ತಬ್ಬಿಬ್ಬಾದರು.

“ಹುಚ್ಚಿ! ನಾನು ಬಿದ್ದದ್ದು ಮೇಲೆ. ಉರುಳಿಕೊಂಡು ಇಲ್ಲಿಗೆ ಬಂದೆ. ನಿನ್ನ ನೀರು ಮೆಟ್ಟಿಲು ಹತ್ತಿಕೊಂಡು ಬರುತ್ತದಾ?”

ನಾನು ನಂಬಲಿಲ್ಲ. ಉಪ್ಪಿಲ್ಲದ ಸಾಂಬಾರನ್ನು ಎರಡು ಸಲ ಹಾಕಿಸಿಕೊಂಡವರ ಮಾತು ಅದು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. “ನಾಳೆಯಿಂದ ಮತ್ತೆ ಹಾಕು” ಎಂದರು. ಹಾಕುತ್ತೇನೆ ಎಂದೆ, ಹಾಕಲಿಲ್ಲ. ಅವರೂ ಎರಡು ಸಲ ಕೇಳಿ ಸುಮ್ಮನಾದರು.

ಆಮೇಲೆ ಎರಡು ಚಳಿಗಾಲ ಅವರು ಕೋಲು ಹಿಡಿದೇ ಓಡಾಡಿದರು. ಮೀನಂಗಡಿಯವನೊಂದಿಗೆ ಮೊದಲಿನಷ್ಟೇ ಜಗಳವಾಡಿದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು. ಅವರ ತಮ್ಮನ ಮಗಳು ಬಂದು ಮನೆ ಖಾಲಿ ಮಾಡುವಾಗ, “ಇದು ನಿಮ್ಮದಂತೆ” ಎಂದು ಈ ಚೀಲ ಕೊಟ್ಟುಹೋದಳು. ಬಿಚ್ಚುವ ಧೈರ್ಯವಾಗದೆ ಅಟ್ಟಕ್ಕೆ ಹಾಕಿದ್ದೆ. ಮೂರು ವರ್ಷವಾಯಿತು.

ಕಳೆದ ಭಾನುವಾರ ಚೀಲದ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಆ ಹಾಳೆ ಸಿಕ್ಕಿತು. ದ್ವೀಪ, ಬೆಟ್ಟ, ಕತ್ತರಿ ಗುರುತುಗಳು ಎಲ್ಲ ಹಾಗೇ ಇದ್ದವು. ಈಗ ನನಗೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುವಷ್ಟು ಬಂಗಾಳಿ ಬರುತ್ತದೆ. ನೆಲದ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ, ಒಬ್ಬಳೇ ನಗುತ್ತಾ, ಹಾಳೆ ತಿರುವಿದೆ.

ಮೆಟ್ಟಿಲುಗಳಿಗೆ ಸಂಖ್ಯೆ ಹಾಕಿದ್ದರು, ಅವರ ಬಾಗಿಲಿನಿಂದ ಒಂದು, ಎರಡು ಎಂದು. ಇಪ್ಪತ್ತರ ಕೆಳಗೆ ನಮ್ಮ ಬಾಗಿಲು, ಅದರ ಮುಂದೆ ಚುಕ್ಕಿಯಿಟ್ಟು ಬರೆದ ಪುಟ್ಟ ರಂಗೋಲಿ. ಅಲ್ಲಿ ಕತ್ತರಿ ಗುರುತು ಇರಲಿಲ್ಲ. ಇಡೀ ಮೆಟ್ಟಿಲ ಸಾಲಿನಲ್ಲಿ ಇದ್ದದ್ದು ಒಂದೇ ಒಂದು, ಹದಿನಾಲ್ಕನೆಯ ಮೆಟ್ಟಿಲ ಮೇಲೆ. ನಮ್ಮ ಬಾಗಿಲಿಗಿಂತ ಆರು ಮೆಟ್ಟಿಲು ಮೇಲೆ. ಪಕ್ಕದಲ್ಲಿದ್ದದ್ದನ್ನು ಓದಲು ನನಗೆ ಎರಡು ನಿಮಿಷ ಬೇಕಾಯಿತು. ‘ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು.’

ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ... ಅಂದು ನೋಡಿದ್ದೆ. ಇನ್ನೊಂದು ಎಲ್ಲಿ ಎಂದು ಯೋಚಿಸಲೇ ಇಲ್ಲ.

ಐದು ವರ್ಷ ಎದೆಯ ಮೇಲಿದ್ದ ಕಲ್ಲು ಇಳಿದು, ಹಗುರವಾಗಿ, ಹಾಯೆನಿಸಿ ಅಳು ಬಂತು. ಅವರು ನನಗೆ ನಿಜವನ್ನೇ ಹೇಳಿದ್ದರು. ನಾನೇ ಅವರನ್ನು ಸುಳ್ಳಿ ಮಾಡಿದ್ದೆ. “ನಂಬಿದೆ ಮಾಶಿಮಾ” ಎಂದು ಹೇಳಲು ಮೇಲೆ ಓಡೋಣವೆಂದರೆ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಸೋಮವಾರ ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕಿ, ಚುಕ್ಕಿಯಿಟ್ಟು, ಹಾಳೆಯಲ್ಲಿ ಅವರು ಬರೆದಿದ್ದ ರಂಗೋಲಿಯನ್ನೇ ಹಾಕಿದೆ. ಎಳೆಗಳನ್ನು ಎರಡು ಕಡೆ ತಪ್ಪಾಗಿ ಕೂಡಿಸಿದ್ದರು, ನಾನೂ ಹಾಗೇ ಕೂಡಿಸಿದೆ. ಅಮ್ಮ ಫೋನಿನಲ್ಲಿ, “ರಂಗೋಲಿ ಹಾಕಿದ್ಯೇನೇ?” ಎಂದಳು. “ಹಾಕಿದೆ” ಎಂದೆ. ಅಷ್ಟರಲ್ಲಿ ಮೇಲಿನ ಮನೆಯವರ ಬಾಗಿಲು ತೆರೆದ ಸದ್ದಾಯಿತು, ಯಾರೋ ಇಳಿದು ಬರುತ್ತಿದ್ದರು. ನಕ್ಷೆಯನ್ನು ನಂಬಿದ್ದೇನೆ, ಪೂರ್ತಿ ನಂಬಿದ್ದೇನೆ. ಆದರೂ ಫೋನನ್ನು ಹೆಗಲಿಗೆ ಒತ್ತಿಕೊಂಡು ಓಡಿಹೋಗಿ, ರಂಗೋಲಿಯ ಸುತ್ತಲಿನ ನೀರನ್ನು ಒಣಬಟ್ಟೆಯಿಂದ ಒರೆಸಿದೆ.