ಆಂಟಿಯ ಜೊತೆ ವಾಹನವಿಲ್ಲದ ದಾರಿಯಲ್ಲಿ

ಸಿಂಗಾಪುರದ ಸೆರಂಗೂನಿನಲ್ಲಿ ನಾವಿದ್ದ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ಉಡುಪಿ ಕಡೆಯ ದಂಪತಿ ಇದ್ದರು. ಅಂಕಲ್ ಹತ್ತಿರದ ಉಬಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಆಂಟಿ ಮನೆಯಲ್ಲೇ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಆಂಟಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು. ಲಿಫ್ಟಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಅವರು ಮುಖ ತಿರುಗಿಸಿ, ಸರಿಯಾಗಿ ನನ್ನ ಕಣ್ಣಿಗೇ ಕಣ್ಣಿಟ್ಟು ಮಾತಾಡುತ್ತಿದ್ದರು. ಒಂದು ದಿನ ನಾನು ಮಾತಾಡದೆ ಸುಮ್ಮನೆ ನಕ್ಕೆ. ಅವರು ನಗಲಿಲ್ಲ. ಏನೋ ಬೇಸರವಿರಬೇಕು ಅಂದುಕೊಂಡೆ. ಆಮೇಲೆ ಅಂಕಲ್ ವಿಷಯ ಹೇಳಿದರು. ರೆಟಿನಾದ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದು ನಿಂತಿತು, ಆಮೇಲೆ ಅಕ್ಕಪಕ್ಕದ್ದು ಹೋಯಿತು. ಐವತ್ತು ದಾಟುವ ಹೊತ್ತಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದಷ್ಟೇ ಉಳಿದಿತ್ತು.

ನಾನಾಗ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿದ್ದೆ. ವಾರದಲ್ಲಿ ನನ್ನದು ಅಂತ ಇದ್ದದ್ದು ಭಾನುವಾರದ ಬೆಳಗು ಒಂದೇ. ಗಂಡ, ಮಗಳು ಏಳುವ ಮೊದಲೇ ಸೈಕಲ್ ಇಳಿಸಿ ಪಾರ್ಕ್ ಕನೆಕ್ಟರ್ ಹಿಡಿಯುತ್ತಿದ್ದೆ. ಒಂದು ಪಾರ್ಕಿನಿಂದ ಇನ್ನೊಂದು ಪಾರ್ಕಿಗೆ, ಕಾಲುವೆಯ ಬದಿಯಲ್ಲಿ, ಫ್ಲೈಓವರಿನ ಅಡಿಯಲ್ಲಿ, ಕಾರು ಬಸ್ಸುಗಳ ಕಾಟವಿಲ್ಲದೆ ಹೋಗುವ ದಾರಿ ಅದು. ಮೈಸೂರಿನಲ್ಲಿ ಲಾರಿಗಳ ಪಕ್ಕ ಉಸಿರು ಬಿಗಿಹಿಡಿದು ಸೈಕಲ್ ತುಳಿದು ಕಾಲೇಜಿಗೆ ಹೋದವಳು ನಾನು. ಸೈಕಲ್ಲಿಗಾಗಿಯೇ ಒಂದು ಊರು ಇಷ್ಟು ಉದ್ದದ ದಾರಿ ಹಾಸಿಟ್ಟಿದೆ ಎನ್ನುವುದು ನನಗೆ ವರ್ಷಗಟ್ಟಲೆ ಆದರೂ ಹಳತಾಗಲಿಲ್ಲ.

ಒಂದು ಭಾನುವಾರ ವಾಪಸ್ ಬರುವಾಗ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಅಂಕಲ್ ನನಗಾಗಿ ಕಾಯುತ್ತಿದ್ದರು.

“ಒಂದು ಮಾತು ಕೇಳ್ಬೇಕಿತ್ತು. ಬೇಡ ಅನ್ಸಿದ್ರೆ ಬೇಡ ಅಂದ್ಬಿಡಮ್ಮ, ಸಂಕೋಚ ಇಟ್ಕೋಬೇಡ,” ಅಂದರು. ಅವರ ಹತ್ತಿರ ಟ್ಯಾಂಡಮ್ ಇತ್ತು. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್. ಯಾರೋ ಬಿಟ್ಟುಕೊಟ್ಟಿದ್ದನ್ನು ತಂದು, ಉಬಿಯ ವರ್ಕ್‌ಶಾಪಿನಲ್ಲಿ ತಾವೇ ಸರಿಮಾಡಿಕೊಂಡಿದ್ದರು. ಆರು ವರ್ಷ ಅಂಕಲ್ ಮುಂದೆ, ಆಂಟಿ ಹಿಂದೆ. ಆ ವರ್ಷ ಅಂಕಲ್ಲಿಗೆ ಬೆನ್ನಿನ ಆಪರೇಷನ್ ಆಯಿತು. ಇನ್ನು ಸೈಕಲ್ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು.

“ಅವಳು ಏನೂ ಹೇಳಲ್ಲ. ಆದ್ರೆ ಭಾನುವಾರ ಬಂದ್ರೆ ಬೆಳಿಗ್ಗೆ ಐದಕ್ಕೇ ಎದ್ದು ಶೂ ಹಾಕ್ಕೊಂಡು ಕೂತಿರ್ತಾಳೆ,” ಅಂದರು.

ನಾನು ಹೂಂ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಭಯ ಶುರುವಾಯಿತು. ಇನ್ನೊಬ್ಬರ ಜೀವ ಹಿಂದೆ ಕೂರಿಸಿಕೊಂಡು ಸೈಕಲ್ ಹೊಡೆಯುವುದು ಹೇಗೆ? ಒಂಬತ್ತು ವರ್ಷದ ಮಗಳು ಕಾರ್ಟೂನಿನಿಂದ ತಲೆ ಎತ್ತದೆ, ಸಿಂಗಾಪುರದ ಇಂಗ್ಲಿಷಿನಲ್ಲಿ, “ಅಮ್ಮಾ, ಯು ಕ್ಯಾನ್ ಲಾ,” ಅಂದಳು. ಅವಳಿಗೆ ಎಲ್ಲವೂ ಸುಲಭ.

ಮೊದಲ ದಿನ ನಾಲ್ಕು ನೂರು ಮೀಟರ್ ಹೋಗಿರಬೇಕು. ಎದುರಿಗೆ ಒಂದು ಮುದಿ ನಾಯಿ ಅಡ್ಡ ಬಂತು. ನಾನು ಬ್ರೇಕ್ ಹಿಡಿದು ಕಾಲು ಕೆಳಗಿಟ್ಟೆ. ಹಿಂದೆ ಆಂಟಿ ತುಳಿಯುತ್ತಲೇ ಇದ್ದರು. ಇಬ್ಬರೂ ಸೈಕಲ್ ಸಮೇತ ಹುಲ್ಲಿನ ಮೇಲೆ ಬಿದ್ದೆವು. ನನಗೆ ಅಳು ಬರುವುದೊಂದು ಬಾಕಿ. ಆಂಟಿ ಬಿದ್ದಲ್ಲಿಂದಲೇ ನಕ್ಕರು.

“ನಿಲ್ಲಿಸ್ತೀನಿ ಅಂತ ಹೇಳ್ಬೇಕಲ್ಲ ಮಾರಾಯ್ತಿ! ನಂಗೇನು ಕನಸು ಬೀಳುತ್ತಾ?”

ಅಂದು ಅಲ್ಲೇ ಹುಲ್ಲಿನ ಮೇಲೆ ಕೂತು ಅವರು ನನಗೆ ಪಾಠ ಮಾಡಿದರು. ತಿರುವಿಗೆ ಮೊದಲು ಎಡ, ಬಲ ಅನ್ನಬೇಕು. ರಸ್ತೆ ಉಬ್ಬಿದ್ದರೆ ಉಬ್ಬು ಅನ್ನಬೇಕು. ತುಳಿಯುವುದು ನಿಲ್ಲಿಸುವ ಮೊದಲು ಬಿಡು ಅನ್ನಬೇಕು. ಎದುರು ಜನ ಇದ್ದರೆ ಎಷ್ಟು ಜನ ಎಂದು ಹೇಳಬೇಕು. ಇಷ್ಟಾದ ಮೇಲೆ, ಉಸಿರು ಉಳಿದಿದ್ದರೆ, ಏನು ಕಾಣುತ್ತಿದೆ ಎಂದು ಹೇಳಬೇಕು.

ಆ ಕೊನೆಯದೇ ಕಷ್ಟವಾದದ್ದು. “ಮರ ಇದೆ ಆಂಟಿ,” ಅನ್ನುತ್ತಿದ್ದೆ. “ಯಾವ ಮರ?” ನನಗೆ ಗೊತ್ತಿರುತ್ತಿರಲಿಲ್ಲ. “ನೀರು ಇದೆ.” “ಯಾವ ಬಣ್ಣ? ಹರೀತಿದ್ಯಾ, ನಿಂತಿದ್ಯಾ?” ಅಷ್ಟು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದು ನಾನು ಏನನ್ನೂ ನೋಡಿರಲಿಲ್ಲ. ಮಳೆಮರ ಯಾವುದು, ಬಾದಾಮಿ ಮರ ಯಾವುದು ಎಂದು ವಾರದಲ್ಲಿ ಓದಿಕೊಂಡು ಭಾನುವಾರ ಒಪ್ಪಿಸುತ್ತಿದ್ದೆ. ಒಮ್ಮೆ ಪುಂಗೋಲ್ ಕಡೆ ನದಿಯ ದಡದಲ್ಲಿ ಏಳು ನೀರುನಾಯಿಗಳು ಮೀನು ಹಿಡಿದು ಕರಕರ ಅಗಿಯುತ್ತಿದ್ದವು. ಅರ್ಧ ಗಂಟೆ ಅಲ್ಲೇ ನಿಂತು ಒಂದೊಂದರ ಆಟವನ್ನೂ ಹೇಳಿದೆ.

ಒಂದು ವರ್ಷ ಹೀಗೆ ನಡೆಯಿತು. ಒಂದು ದಿನ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಟೀ ಕುಡಿಯುವಾಗ ಆಂಟಿ ಆಲ್ಪ್ಸ್ ಮಾತು ತೆಗೆದರು. ಕಣ್ಣು ಚೆನ್ನಾಗಿದ್ದಾಗ ಗಂಡ ಹೆಂಡತಿ ಇಬ್ಬರೂ ಉತ್ತರ ಇಟಲಿಯ ಒಂದು ಕಣಿವೆಗೆ ಹೋಗಿ, ಮೇಲಿನ ಸರೋವರದಿಂದ ಕೆಳಗಿನ ಪೇಟೆಯವರೆಗೆ ನದಿಯ ಪಕ್ಕದಲ್ಲೇ ಸೈಕಲ್ಲಿನಲ್ಲಿ ಇಳಿದಿದ್ದರು. ಇಡೀ ದಾರಿ ಸೈಕಲ್ಲಿಗೆ ಮೀಸಲು. ಪಕ್ಕದಲ್ಲೇ ಒಂದು ಪುಟ್ಟ ರೈಲು.

“ಆಗ ನೋಡಿದ್ದು ನೆನಪಿದೆ,” ಅಂದರು. “ಈಗ ಕಾಣದೆ ಹೋದ್ರೆ ಹೆಂಗಿರುತ್ತೆ ಅಂತ ತಿಳ್ಕೋಬೇಕು. ನೀನು ಬರ್ತೀಯಾ?”

ಮುಂದಿನ ಜೂನಿನಲ್ಲಿ ಮೂವರೂ ಹೊರಟೆವು. ಮಗಳನ್ನು ನೋಡಿಕೊಳ್ಳಲು ನನ್ನ ಗಂಡ ರಜೆ ಹಾಕಿಕೊಂಡ. ಅಲ್ಲೇ ಒಂದು ಟ್ಯಾಂಡಮ್ ಬಾಡಿಗೆಗೆ ಬುಕ್ ಮಾಡಿದ್ದೆವು. ಏರ್ಪಾಡು ಸರಳವಾಗಿತ್ತು. ದಿನಕ್ಕೆ ಮೂವತ್ತು ಕಿಲೋಮೀಟರಿನಂತೆ ಮೂರು ದಿನ ನಾವು ತುಳಿಯುವುದು. ಅಂಕಲ್ ಬ್ಯಾಗುಗಳ ಜೊತೆ ರೈಲಿನಲ್ಲಿ ಮುಂದಿನ ಸ್ಟೇಷನ್ನಿಗೆ ಹೋಗಿ ಕಾಯುವುದು.

ಆ ದಾರಿಯನ್ನು ನಾನು ಇಂದಿಗೂ ಮನಸ್ಸಿನಲ್ಲೇ ಹೊಗಳುತ್ತೇನೆ. ಯಾರೋ ಕೂತು, ಪ್ರತಿ ತಿರುವಿನಲ್ಲೂ ಸೈಕಲ್ಲಿನವನಿಗೆ ಏನು ಬೇಕಾಗುತ್ತದೆ ಎಂದು ಯೋಚಿಸಿ ಮಾಡಿದ ದಾರಿ. ಹೆದ್ದಾರಿ ಅಡ್ಡ ಬಂದಲ್ಲಿ ಅದರ ಕೆಳಗೆ ಸೈಕಲ್ಲಿಗೆಂದೇ ಒಂದು ಸುರಂಗ. ನದಿ ದಾಟುವಲ್ಲಿ ಮಾಡು ಹೊದಿಸಿದ ಮರದ ಸೇತುವೆ. ಊರು ಬಂತೆಂದರೆ ಕಲ್ಲಿನ ತೊಟ್ಟಿಗೆ ಸುರಿಯುವ ಕುಡಿಯುವ ನೀರು, ಪಕ್ಕದಲ್ಲೊಂದು ಬೆಂಚು. ಎರಡೂ ಬದಿ ಸೇಬಿನ ತೋಟ, ಅದರಾಚೆ ಕಡಿದಾದ ಬೆಟ್ಟ, ಅದರ ತಲೆಯ ಮೇಲೆ ಜೂನಿನಲ್ಲೂ ಕರಗದ ಹಿಮ. ನದಿಯ ನೀರು ಹಾಲು ಬೆರೆಸಿದಂತೆ ಬೂದು ಬಿಳಿ. ಇಷ್ಟನ್ನೂ ಬಾಯಿ ಒಣಗುವವರೆಗೆ ಹೇಳುತ್ತಾ ಹೋದೆ. ಆಂಟಿಯೂ ಸುಮ್ಮನಿರಲಿಲ್ಲ. ಸೇತುವೆಯ ಹಲಗೆಗಳು ಗಡಗಡ ಅಂದಾಗ ನಕ್ಕರು. ತೋಟಕ್ಕೆ ನೀರು ಚಿಮ್ಮಿಸುವ ಕೊಳವೆಗಳು ಟಿಕ್ ಟಿಕ್ ಎಂದು ತಿರುಗುವುದನ್ನು ಕೇಳಿ, “ಹೋದ ಸಲ ಇದನ್ನ ನಾನು ಕೇಳಿಸ್ಕೊಂಡೇ ಇಲ್ಲ ಕಣೆ. ನೋಡೋದ್ರಲ್ಲೇ ಬಿಝಿ ಇದ್ದೆ,” ಅಂದರು.

ಎರಡನೇ ದಿನ ಮಧ್ಯಾಹ್ನ ದಾರಿ ನಿಂತುಹೋಯಿತು. ಮಳೆಗೆ ನದಿಯ ದಡ ಕುಸಿದಿತ್ತು. ಕೆಂಪು ಬಿಳಿ ಪಟ್ಟೆಯ ಅಡ್ಡಗೋಲು, ಅದರ ಪಕ್ಕ ಬಾಣದ ಗುರುತು. ಬಾಣ ತೋರಿಸಿದ್ದು ಹೆದ್ದಾರಿಯನ್ನು. ಆಂಟಿಯನ್ನು ಸೈಕಲ್ಲಿನ ಹತ್ತಿರ ನಿಲ್ಲಿಸಿ ಹತ್ತಿ ನೋಡಿದೆ. ಲಾರಿಗಳು ಒಂದರ ಹಿಂದೊಂದು ಗಾಳಿ ಹೊಡೆಯುತ್ತಾ ಇಳಿಯುತ್ತಿದ್ದವು. ಸೈಕಲ್ಲಿಗೆ ಬಿಟ್ಟ ಜಾಗ ಒಂದು ಮೊಳ. ಫಲಕದ ಪ್ರಕಾರ ಇಂಥದ್ದು ಮೂರು ಕಿಲೋಮೀಟರ್.

ವಾಪಸ್ ಬಂದು ಆಂಟಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬೇಕಾದರೆ ನಿಧಾನವಾಗಿ ಪ್ರಯತ್ನಿಸೋಣ ಎಂದೂ ಸೇರಿಸಿದೆ. ಅವರು ಅಷ್ಟು ದೂರ ಬಂದಿದ್ದರು, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

“ನಿಂಗೆ ಭಯ ಆಗ್ತಿದ್ಯಾ?” ಆಂಟಿ ಕೇಳಿದರು.

“ಆಗ್ತಿದೆ ಆಂಟಿ.”

“ಹಂಗಾದ್ರೆ ಬೇಡ. ಹಿಂದೆ ಕೂತೋಳಿಗೆ ಧೈರ್ಯ ಬರೋದು ಮುಂದೆ ಕೂತೋಳ ಬೆನ್ನಿಂದ. ನಿನ್ನ ಬೆನ್ನು ಗಟ್ಟಿ ಇಲ್ಲಾಂದ್ರೆ ನಂಗೂ ಬೇಡ.”

ಅಂಕಲ್ಲಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇರಲಿಲ್ಲ. ಆಂಟಿಗೆ ಒಂದು ವಿಷಯ ನೆನಪಾಯಿತು. ಬೆಟ್ಟದ ನೀರನ್ನು ತೋಟಗಳಿಗೆ ಒಯ್ಯುವ ಸಣ್ಣ ಕಾಲುವೆಗಳು ಈ ಕಣಿವೆಯ ಉದ್ದಕ್ಕೂ ಇವೆ, ಪಕ್ಕದಲ್ಲೇ ಕಾಲುದಾರಿ ಇರುತ್ತದೆ, ಹಿಂದಿನ ಸಲ ಒಂದು ಸಂಜೆ ಗಂಡನ ಜೊತೆ ಅದರ ಮೇಲೆ ನಡೆದದ್ದುಂಟು ಅಂದರು. ತೋಟದ ನಡುವೆ ಸೈಕಲ್ ನೂಕಿಕೊಂಡು ಮೇಲಕ್ಕೆ ಹೋದೆವು. ಅಲ್ಲಿ ಏಣಿಯ ಮೇಲೆ ನಿಂತು ಸೇಬಿನ ಎಳೆಕಾಯಿಗಳನ್ನು ಸವರಿ ತೆಗೆಯುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮದು. ನಾನು ಎರಡು ಬೆರಳು ನಡೆಸಿ ತೋರಿಸಿದೆ, ನೀರು ಹರಿವ ಸದ್ದು ಮಾಡಿದೆ. ಅವಳು ಏಣಿಯಿಂದ ಇಳಿದು, ಆಂಟಿಯನ್ನು ಒಮ್ಮೆ, ಉದ್ದದ ಸೈಕಲನ್ನು ಒಮ್ಮೆ ನೋಡಿ, ನಮ್ಮನ್ನು ಕಾಲುವೆಯವರೆಗೆ ಕರೆದುಕೊಂಡು ಹೋಗಿ ಬಿಟ್ಟಳು.

ಆ ಕಾಲುದಾರಿ ಒಬ್ಬರು ನಡೆಯುವಷ್ಟೇ ಅಗಲ. ನಾನು ಮುಂದೆ ಹ್ಯಾಂಡಲ್ ಹಿಡಿದೆ. ಆಂಟಿ ಹಿಂದಿನ ಸೀಟು ಹಿಡಿದರು. ಒಂದು ಕಡೆ ಮೊಣಕಾಲಾಳದ ಕಾಲುವೆ, ಇನ್ನೊಂದು ಕಡೆ ಇಳಿಜಾರು. ದಾರಿಯಲ್ಲಿ ಎರಡು ಸಲ ಕಲ್ಲಿನ ಮೆಟ್ಟಿಲು ಬಂದವು. ಅಲ್ಲಿ ಸೈಕಲ್ ಎತ್ತಿಕೊಂಡೇ ಇಳಿದೆವು. ಅದರ ಭಾರ ಆಂಟಿಯ ಹೆಗಲ ಮೇಲೂ ಇತ್ತು. “ಮೆಟ್ಲು, ಒಂದು... ಎರಡು...” ಎಂದು ನಾನು ಎಣಿಸಿದಂತೆ ಅವರು ಕಾಲಿಟ್ಟರು. ಒಂದು ಕಡೆಯೂ ತಡವರಿಸಲಿಲ್ಲ. ಐವತ್ತೇಳು ವರ್ಷದ ಹೆಂಗಸು. ಮುಗಿಸಿದಾಗ ಅವರ ಅಂಗೈ ಕೆಂಪಾಗಿ ಹೋಗಿತ್ತು. ಮೂರು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು.

ಸ್ಟೇಷನ್ ಮುಟ್ಟಿದಾಗ ಅಂಕಲ್ ಪ್ಲಾಟ್‌ಫಾರಂ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ನಮ್ಮನ್ನು ಕಂಡದ್ದೇ ತುಳುವಿನಲ್ಲಿ ಬೈಯಲು ಶುರುಮಾಡಿದರು. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೆ ದನಿ ಒಡೆದದ್ದು ಗೊತ್ತಾಯಿತು. ಆಂಟಿ ಅಷ್ಟನ್ನೂ ಕೇಳಿ, ಕೈ ಚಾಚಿ ಅವರ ಮುಖ ಮುಟ್ಟಿದರು. ಕೆನ್ನೆ ಒದ್ದೆಯಾಗಿತ್ತೋ ಏನೋ, “ಆಯ್ತು, ಆಯ್ತು,” ಎಂದು ಕನ್ನಡದಲ್ಲೇ ಅಂದರು. ಬೆಂಚಿನ ಮೇಲೆ ಅಂಕಲ್ ನಮಗೆಂದು ತಂದಿಟ್ಟ ಚೆರ್ರಿ ಹಣ್ಣಿನ ಪೊಟ್ಟಣವಿತ್ತು. ಮೂವರೂ ಕೂತು ಅಷ್ಟನ್ನೂ ತಿಂದು ಮುಗಿಸಿದೆವು.

ಮೂರನೇ ದಿನ ದಾರಿ ಮತ್ತೆ ನಮ್ಮದಾಗಿತ್ತು. ಬಿಸಿಲು, ನುಣ್ಣನೆಯ ಇಳಿಜಾರು, ಎದುರಿನಿಂದ ಬರುವವರೆಲ್ಲ ಕೈಯೆತ್ತಿ ನಮಸ್ಕಾರ ಹೇಳುವುದು. ಒಂದು ಉದ್ದನೆಯ ನೇರ ದಾರಿಯಲ್ಲಿ ನಾನು, “ಯಾರೂ ಇಲ್ಲ ಆಂಟಿ, ಎರಡು ಕಿಲೋಮೀಟರ್ ಖಾಲಿ,” ಅಂದೆ. ಹಿಂದಿನ ಪೆಡಲ್ ಜೋರಾಯಿತು. ಆ ಕಾಲಿನಲ್ಲಿ ಅಷ್ಟು ಬಲ ಇತ್ತೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಷ್ಟು ದಿನವೂ ಅವರು ನನ್ನ ಭಯಕ್ಕೆ ತಕ್ಕಷ್ಟೇ ತುಳಿದಿದ್ದರು. ಆ ವೇಗದಲ್ಲಿ ಮರಗಳ ಹೆಸರು ಹೇಳಲು ನನಗೆ ಉಸಿರು ಸಾಲಲಿಲ್ಲ, ಅವರೂ ಕೇಳಲಿಲ್ಲ. ಕೆಳಗಿನ ಪೇಟೆಯಲ್ಲಿ ಇಳಿದಾಗ, “ಕಾಣ್ತಿದ್ದಾಗ ನೋಡೋಕೆ ಅಂತ ನಿಧಾನ ಮಾಡ್ತಿದ್ದೆ. ಈ ಸಲ ಓಡಿಸ್ದೆ,” ಎಂದರು. ಮುಖ ಬಿಸಿಲಿಗೆ ಕೆಂಪಾಗಿ, ಕೂದಲು ಕೆದರಿ, ಶಾಲೆ ಬಿಟ್ಟ ಹುಡುಗಿಯ ಹಾಗಿದ್ದರು.

ಸಿಂಗಾಪುರಕ್ಕೆ ಬಂದ ಮೇಲೆ ಇನ್ನೆರಡು ವರ್ಷ ನಮ್ಮ ಭಾನುವಾರಗಳು ನಡೆದವು. ಆಮೇಲೆ ಮಗಳ ಶಾಲೆಗಾಗಿ ನಾವು ದ್ವೀಪದ ಪಶ್ಚಿಮಕ್ಕೆ ಶಿಫ್ಟ್ ಆದೆವು. ಮುಂದಿನ ಸೀಟಿಗೆ ಅದೇ ಬ್ಲಾಕಿನ ಮಲಯ್ ಟೀಚರ್ ಒಬ್ಬಳು ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಗಟ್ಟಿಗಿತ್ತಿ. ಮೊದಮೊದಲು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಕೆಲವು ತಿಂಗಳ ನಂತರ ಸೆರಂಗೂನಿನ ಗೆಳತಿಯ ಮನೆಗೆ ಬಂದವಳು ಬೆಳಿಗ್ಗೆ ಕಾಲುವೆ ಬದಿಯಲ್ಲಿ ನಡೆಯುತ್ತಿದ್ದೆ. ದೂರದಿಂದ ಟ್ಯಾಂಡಮ್ಮಿನಲ್ಲಿ ಆಂಟಿಯೂ ಟೀಚರೂ ಬರುವುದು ಕಂಡಿತು. ಕೂಗಿ ನಿಲ್ಲಿಸೋಣ ಅನ್ನಿಸಿತು. ಆದರೆ ಸೈಕಲ್ ಒಳ್ಳೆಯ ವೇಗದಲ್ಲಿತ್ತು. ಆಂಟಿ ಬೆನ್ನು ನೆಟ್ಟಗೆ ಮಾಡಿಕೊಂಡು, ಗಲ್ಲ ಎತ್ತಿ, ಇಂಗ್ಲಿಷಿನಲ್ಲಿ ಏನೋ ಜೋರಾಗಿ ವಾದ ಮಾಡುತ್ತಿದ್ದರು. ನಾನು ಹುಲ್ಲಿಗಿಳಿದು ದಾರಿ ಬಿಟ್ಟೆ. ಟೀಚರ್ ನನ್ನನ್ನು ಗುರುತಿಸದೆ ತಲೆಯಾಡಿಸಿ ಮುಂದೆ ಹೋದಳು. ಅವರು ತಿರುವು ದಾಟುವವರೆಗೆ ನೋಡುತ್ತಾ ನಿಂತಿದ್ದು, ಆಮೇಲೆ ಗೆಳತಿಯ ಮನೆಯ ತಿಂಡಿಗೆ ಹೊತ್ತಾಯಿತೆಂದು ಬೇಗ ಬೇಗ ಹೆಜ್ಜೆ ಹಾಕಿದೆ.